ಹತ್ತು ಫ್ರೇಮ್‌ಗಳ ಸುಳ್ಳು: ಬೀಳುವವಳನ್ನು ಹಿಡಿಯುವ ಒಂದು ಶಾಟ್‌ನ ಪ್ರಕರಣ ಅಧ್ಯಯನ

ಕಟ್ಟಡದ ತಾರಸಿಯಿಂದ ಒಬ್ಬಳು ಜಾರಿ ಬೀಳುತ್ತಾಳೆ. ಹಾರಬಲ್ಲ ನಾಯಕ ಒಂದೂವರೆ ಸೆಕೆಂಡ್ ತಡವಾಗಿ ಅವಳ ಹಿಂದೆಯೇ ಧುಮುಕಿ, ನೆಲ ತಾಗುವ ಮೊದಲು ಹಿಡಿಯುತ್ತಾನೆ. ಸೂಪರ್‌ಹೀರೊ ಅನಿಮೇಶನ್‌ನಲ್ಲಿ ಇದಕ್ಕಿಂತ ಸವೆದ ಸನ್ನಿವೇಶ ಸಿಗಲಿಕ್ಕಿಲ್ಲ. ಇಂಥ ಚಿತ್ರಗಳು ಭೌತಶಾಸ್ತ್ರದ ನಿಯಮಗಳನ್ನು ಎಲ್ಲಿ ಬಗ್ಗಿಸುತ್ತವೆ, ಎಷ್ಟು ಬಗ್ಗಿಸುತ್ತವೆ, ಬಗ್ಗಿಸಿದ್ದನ್ನು ಹೇಗೆ ಮುಚ್ಚುತ್ತವೆ ಎಂದು ಅಳೆದು ನೋಡಲು ಇದಕ್ಕಿಂತ ಒಳ್ಳೆಯ ಸನ್ನಿವೇಶವೂ ಸಿಗಲಿಕ್ಕಿಲ್ಲ.

ಇಲ್ಲಿರುವುದು ಯಾವುದೋ ಚಿತ್ರದಿಂದ ಎತ್ತಿದ ಶಾಟ್ ಅಲ್ಲ, ಲೆಕ್ಕಕ್ಕೆಂದೇ ಕಟ್ಟಿಕೊಂಡದ್ದು. ಕಟ್ಟಡದ ಎತ್ತರ 100 ಮೀಟರ್, ಮಹಡಿಗೆ 3 ಮೀಟರ್. ಬೀಳುವವಳ ತೂಕ 60 ಕಿಲೊ, ನಾಯಕನದು 90 ಕಿಲೊ. ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಸೇರಿಸಿದೆ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ಗರಿಷ್ಠ ವೇಗ ಸೆಕೆಂಡಿಗೆ 54 ಮೀಟರ್ ಎಂದು ಹಿಡಿದಿದೆ.

ನಿರ್ದೇಶಕರ ಕಡೆಯಿಂದ ಮೂರು ಬೇಡಿಕೆ. ಬೀಳುವ ಭಾಗ 9 ಸೆಕೆಂಡ್ ಇರಬೇಕು, ಏಕೆಂದರೆ ಮಧ್ಯದಲ್ಲಿ ಮುಖಭಾವವಿದೆ, ಕೂಗಿದೆ, ಎರಡು ಸಾಲು ಮಾತಿದೆ. ಹಿಡಿಯುವ ಕ್ಷಣ ಗಟ್ಟಿಯಾಗಿ ಬೀಳಬೇಕು, ಪ್ರೇಕ್ಷಕ ಸೀಟಿನಲ್ಲಿ ಅಲುಗಬೇಕು. ಅವಳಿಗೆ ಒಂದು ಗೀರೂ ಆಗಬಾರದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಎರಡನೆಯ ಮತ್ತು ಮೂರನೆಯ ಬೇಡಿಕೆಯ ಕಥೆ ಅದೇ.

ಮೊದಲು ನಿಜವಾದ ಬೀಳು

ಏನನ್ನು ಬಗ್ಗಿಸುತ್ತಿದ್ದೇವೆಂದು ತಿಳಿಯದೆ ಬಗ್ಗಿಸಿದರೆ ಅದು ಮುರಿಯುತ್ತದೆ. ಆದ್ದರಿಂದ ಮೊದಲ ಹಂತದಲ್ಲಿ ಕಲೆ ಇಲ್ಲ, ಬರೀ ಕೋಷ್ಟಕ. 24ನೇ ಫ್ರೇಮ್‌ಗೆ ಅವಳು 4.9 ಮೀಟರ್ ಇಳಿದಿರುತ್ತಾಳೆ. 48ಕ್ಕೆ 19.2, 72ಕ್ಕೆ 42.1, 96ಕ್ಕೆ 72.4. ನಾಯಕ ಹಿಡಿಯುವ ನೂರನೇ ಫ್ರೇಮ್‌ಗೆ 78 ಮೀಟರ್. ಆಗ ವೇಗ ಸೆಕೆಂಡಿಗೆ 34.5 ಮೀಟರ್, ಅಂದರೆ ಗಂಟೆಗೆ ಸುಮಾರು 124 ಕಿಲೊಮೀಟರ್. ನೆಲಕ್ಕೆ ಉಳಿದಿರುವುದು 22 ಮೀಟರ್.

ಪ್ರತಿ ಸೆಕೆಂಡಿನಲ್ಲಿ ಎಷ್ಟೆಷ್ಟು ಇಳಿದಳೆಂದು ಬಿಡಿಸಿ ನೋಡಿ: 4.9, 14.3, 22.9, 30.3. ಗಾಳಿಯೇ ಇಲ್ಲದಿದ್ದರೆ ಈ ಸರಣಿ ಸರಿಯಾಗಿ 1, 3, 5, 7ರ ಅನುಪಾತದಲ್ಲಿ ಇರುತ್ತಿತ್ತು. ಇದು ಗೆಲಿಲಿಯೊ ಗುರುತಿಸಿದ ಬೆಸಸಂಖ್ಯೆಗಳ ನಿಯಮ. ಇಂದಿಗೂ ಅನಿಮೇಟರ್‌ಗಳು ಕ್ಯಾಲ್ಕ್ಯುಲೇಟರ್ ಮುಟ್ಟದೆ ಬೀಳುವ ಚೆಂಡನ್ನು ಕೂರಿಸುವುದು ಇದರ ಮೇಲೆಯೇ. ಇನ್ನೂ ಸುಲಭದ ರೂಪ ಬೇಕೆಂದರೆ, ಬೀಳಲು ಬೇಕಾದ ಸಮಯದ ಅರ್ಧ ಕಳೆದಾಗ ಬಿದ್ದಿರುವುದು ದೂರದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಎರಡನೇ ಅರ್ಧದಲ್ಲಿ.

ಮೊದಲ ಕರಡಿನಲ್ಲಿ ಎಲ್ಲರೂ ಮಾಡುವ ತಪ್ಪು ಇಲ್ಲೇ ಇದೆ. ಮೇಲೊಂದು ಕೀ (ದೇಹ ಯಾವ ಫ್ರೇಮ್‌ನಲ್ಲಿ ಎಲ್ಲಿರಬೇಕೆಂಬ ಗುರುತು), ಕೆಳಗೊಂದು ಕೀ ಇಟ್ಟರೆ ಸಾಫ್ಟ್‌ವೇರ್ ತಾನಾಗಿಯೇ ಎರಡೂ ತುದಿಯನ್ನು ನುಣುಪು ಮಾಡಿಬಿಡುತ್ತದೆ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಎತ್ತರದ ಕರ್ವ್ ಮಲಗಿದ ಎಸ್ ಅಕ್ಷರದ ಹಾಗೆ ಕಾಣುತ್ತದೆ. ಕೆಳಗಿನ ತುದಿಯಲ್ಲಿ ಆ ಕರ್ವ್ ಚಪ್ಪಟೆಯಾಯಿತೆಂದರೆ ದೇಹ ತಾನೇ ನಿಧಾನಿಸಿ ಇಳಿದಂತಾಯಿತು, ಲಿಫ್ಟ್‌ನ ಹಾಗೆ. ತೂಕ ಅಲ್ಲಿಗೆ ಹೋಯಿತು. ಬೀಳುವ ಕರ್ವ್ ಕೊನೆಯ ಫ್ರೇಮ್‌ವರೆಗೂ ಕಡಿದಾಗುತ್ತಲೇ ಇರಬೇಕು; ಹಿಡಿಯುವ ಫ್ರೇಮ್‌ನಲ್ಲಿ ಟ್ಯಾಂಜೆಂಟನ್ನು, ಅಂದರೆ ಗೆರೆಯ ಓರೆಯನ್ನು, ಮುರಿದು ಅಲ್ಲಿಂದ ಹೊಸ ಕರ್ವ್ ಶುರುವಾಗಬೇಕು.

ಕೂದಲು, ಬಟ್ಟೆಯದು ಇನ್ನೊಂದು ತಪ್ಪು. ಬೀಳಲು ಶುರುವಾದ ಕೂಡಲೇ ಕೂದಲನ್ನು ಮೇಲಕ್ಕೆ ಚಿಮ್ಮಿಸಿಬಿಡುತ್ತಾರೆ. ಮೊದಲ ಅರ್ಧ ಸೆಕೆಂಡಿನ ಕೊನೆಯಲ್ಲೂ ಅವಳ ವೇಗ ಸೆಕೆಂಡಿಗೆ 5 ಮೀಟರ್ ಅಷ್ಟೇ, ಸೈಕಲ್ ತುಳಿದಾಗ ಮುಖಕ್ಕೆ ಬಡಿಯುವ ಗಾಳಿಯಷ್ಟು. ಆ 12 ಫ್ರೇಮ್‌ಗಳಲ್ಲಿ ಕೂದಲು ತೂಕ ಕಳೆದುಕೊಂಡು ತೇಲಬೇಕು, ಹಾರಬಾರದು. ಹೊಟ್ಟೆಯೊಳಗೆ ಏನೋ ಖಾಲಿಯಾದಂತಾಗುವ ಅನುಭವ ಪ್ರೇಕ್ಷಕನಿಗೆ ಬರುವುದು ಈ ತೇಲುವಿಕೆಯಿಂದ.

4 ಸೆಕೆಂಡನ್ನು 9 ಮಾಡುವುದು

ನಿಜದ ಬೀಳು 100 ಫ್ರೇಮ್. ಬೇಕಾಗಿರುವುದು 216. ನಿಜವಾಗಿಯೂ 9 ಸೆಕೆಂಡ್ ಬೀಳಬೇಕೆಂದರೆ 291 ಮೀಟರ್ ಇಳಿಯಬೇಕು, ಅಂದರೆ 97 ಮಹಡಿ. ಹಿಡಿಯುವ ಹೊತ್ತಿಗೆ ವೇಗ ಸೆಕೆಂಡಿಗೆ 50 ಮೀಟರ್ ಆಗಿರುತ್ತದೆ. ಕಥೆಯ ಕಟ್ಟಡ ಅಷ್ಟು ಎತ್ತರವಿಲ್ಲ.

ಸುಲಭದ ದಾರಿ, ಇಡೀ ಚಲನೆಯನ್ನು ಹಿಗ್ಗಿಸಿಬಿಡುವುದು. 78 ಮೀಟರ್ ಇಳಿಯಲು 9 ಸೆಕೆಂಡ್ ತಗಲಬೇಕೆಂದರೆ ಗುರುತ್ವ ಸುಮಾರು 1.9ಕ್ಕೆ ಇಳಿಯಬೇಕು. ಭೂಮಿಯದು 9.8, ಚಂದ್ರನದು 1.6. ಪ್ರೇಕ್ಷಕನಿಗೆ ಈ ಅಂಕಿಗಳು ಗೊತ್ತಿಲ್ಲ, ಆದರೆ ಚಂದ್ರನ ಮೇಲೆ ಬೀಳುತ್ತಿರುವವಳಿಗಾಗಿ ಅವನ ಎದೆ ಹೊಡೆದುಕೊಳ್ಳುವುದಿಲ್ಲ. ಸ್ಲೋ ಮೋಶನ್ ಎಂದು ಹೆಸರಿಟ್ಟು ತಪ್ಪಿಸಿಕೊಳ್ಳಬಹುದು. ಆದರೆ ಅದರಲ್ಲಿ ಮಾತಾಡಿಸಲು ಬರುವುದಿಲ್ಲ.

ಕೆಲಸ ಮಾಡುವ ದಾರಿ ಬೇರೆ: ಸುಳ್ಳನ್ನು ಸಮವಾಗಿ ಹರಡದೆ ಒಂದು ಕಡೆ ಗುಡ್ಡೆ ಹಾಕುವುದು. 216 ಫ್ರೇಮ್‌ಗಳನ್ನು ಐದು ಶಾಟ್ ಮಾಡಿ. ಮೊದಲನೆಯದು ಜಾರುವುದು, ದೂರದಿಂದ, 30 ಫ್ರೇಮ್. ಎರಡನೆಯದು ಅವಳ ಮುಖದ ಕ್ಲೋಸ್‌ಅಪ್, 54 ಫ್ರೇಮ್. ಮೂರನೆಯದು ನಾಯಕ ಧುಮುಕುವುದು, 36. ನಾಲ್ಕನೆಯದು ಇಬ್ಬರೂ ಒಂದೇ ಚೌಕಟ್ಟಿನಲ್ಲಿ, 40. ಐದನೆಯದು ಬೆರಳುಗಳು ಹತ್ತಿರ ಬರುವುದು, ಮತ್ತೆ ಕ್ಲೋಸ್‌ಅಪ್, 56.

ಈಗ ಕೂಡಿಸಿ ನೋಡಿ. ಕಟ್ಟಡ ಕಾಣುವ ಮೂರು ಶಾಟ್‌ಗಳು ಸೇರಿ 106 ಫ್ರೇಮ್. ನಿಜದ ಬೀಳು 100. ಹೆಚ್ಚುವರಿ 6 ಫ್ರೇಮ್ ಎರಡು ಕಟ್‌ಗಳಲ್ಲಿ ಮೂರುಮೂರರಂತೆ ಕರಗುತ್ತದೆ: ಹಿಂದಿನ ಶಾಟ್ ಮುಗಿದಲ್ಲಿಂದ ಮೂರು ಫ್ರೇಮ್ ಹಿಂದಕ್ಕೆ ಹೋಗಿ ಮುಂದಿನದು ಶುರುವಾಗುತ್ತದೆ. ಕಟ್ ಆದಾಗ ಕಣ್ಣು ಹೊಸ ಚಿತ್ರಕ್ಕೆ ಹೊಂದಿಕೊಳ್ಳಲು ಅಷ್ಟು ಹೊತ್ತು ಹೇಗೂ ಬೇಕು. ಉಳಿದ 110 ಫ್ರೇಮ್ ಎರಡು ಕ್ಲೋಸ್‌ಅಪ್‌ಗಳದು. ಅಲ್ಲಿ ಹಿನ್ನೆಲೆ ಬರೀ ಮಸುಕು, ಅಳೆಯಲು ಮಹಡಿಯಿಲ್ಲ, ಕಿಟಕಿಯಿಲ್ಲ. ಅಲ್ಲಿ ಸಮಯ ನಿಂತೇಬಿಟ್ಟಿದೆ, ಆದರೆ ಗಾಳಿ ಬೀಸುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಅಳತೆ ಸಿಗುವಲ್ಲಿ ನಿಜ, ಅಳತೆ ಸಿಗದಲ್ಲಿ ಸುಳ್ಳು. ಈ ಶಾಟ್‌ನ ಉಳಿದೆಲ್ಲ ತೀರ್ಮಾನಗಳೂ ಇದೇ ಹಾದಿಯವು.

ತಿರುಗುಮುರುಗು ಓಡುವ ಕಿಟಕಿಗಳು

ನಾಲ್ಕನೇ ಶಾಟ್‌ನಲ್ಲಿ ಒಂದು ವಿಚಿತ್ರ ತೊಂದರೆ ಕಾದಿರುತ್ತದೆ. ಪಾತ್ರ ಅಷ್ಟು ವೇಗವಾಗಿ ಚೌಕಟ್ಟು ದಾಟಿದರೆ ಒಂದೆರಡು ಫ್ರೇಮ್‌ಗಿಂತ ಹೆಚ್ಚು ಕಾಣುವುದಿಲ್ಲ, ಆದ್ದರಿಂದ ಕ್ಯಾಮೆರಾವೂ ಜೊತೆಗೆ ಬೀಳುತ್ತದೆ. ಆಗ ವೇಗವನ್ನು ತೋರಿಸುವ ಜವಾಬ್ದಾರಿ ಪೂರ್ತಿ ಕಟ್ಟಡದ ಗೋಡೆಯ ಮೇಲೆ. ಕಿಟಕಿಗಳ ಸಾಲು 3 ಮೀಟರಿಗೊಂದು. ಸೆಕೆಂಡಿಗೆ 36 ಮೀಟರ್ ವೇಗವೆಂದರೆ ಫ್ರೇಮಿಗೆ ಸರಿಯಾಗಿ 1.5 ಮೀಟರ್, ಅಂದರೆ ಅರ್ಧ ಮಹಡಿ. ಆ ವೇಗದಲ್ಲಿ ಕಿಟಕಿ ಮೇಲೆ ಹೋಯಿತೋ ಕೆಳಗೆ ಬಂತೋ ಎಂದು ಕಣ್ಣಿಗೆ ಹೇಳಲಾಗುವುದಿಲ್ಲ. ಕಿಟಕಿಗಳು ಎರಡು ಪಟ್ಟಾದಂತೆ ಮಿಣಮಿಣ ಅನ್ನುತ್ತವೆ. ಅದನ್ನೂ ದಾಟಿದರೆ ಕಟ್ಟಡವೇ ಅವರ ಜೊತೆ ಕೆಳಗಿಳಿಯುತ್ತಿರುವಂತೆ ಕಾಣುತ್ತದೆ. ಹಳೆಯ ಚಿತ್ರಗಳಲ್ಲಿ ಗಾಡಿಯ ಚಕ್ರ ಹಿಮ್ಮುಖವಾಗಿ ತಿರುಗುತ್ತದಲ್ಲ, ಅದೇ ದೋಷ.

ಈ ಶಾಟ್‌ನಲ್ಲಿ ನಾಯಕನ ವೇಗ 62ರಿಂದ 90ನೇ ಫ್ರೇಮ್‌ವರೆಗೆ 36ಕ್ಕಿಂತ ಮೇಲಿರುತ್ತದೆ. ಆದ್ದರಿಂದ ಕ್ಯಾಮೆರಾವನ್ನು ನಾಯಕನಿಗೆ ಕಟ್ಟಬಾರದು, ಅವಳಿಗೆ ಕಟ್ಟಬೇಕು; ಅವಳು 34.5 ದಾಟುವುದೇ ಇಲ್ಲ. ಅಷ್ಟರಿಂದಲೂ ಪೂರ್ತಿ ಪಾರಾಗುವುದಿಲ್ಲ, ಏಕೆಂದರೆ ಕೊನೆಯಲ್ಲಿ ಅವಳದೂ ಫ್ರೇಮಿಗೆ 1.44 ಮೀಟರ್, ಗಡಿಗೆ ತಾಗಿಕೊಂಡೇ ಇದೆ. ಎರಡನೇ ಮದ್ದು ಮೋಶನ್ ಬ್ಲರ್, ವೇಗದಿಂದ ಬರುವ ಮಸುಕು: ಶಟರ್ 180 ಡಿಗ್ರಿ ಇಟ್ಟರೆ, ಅಂದರೆ ಫ್ರೇಮಿನ ಅರ್ಧ ಹೊತ್ತು ತೆರೆದಿಟ್ಟರೆ, ಪ್ರತಿ ಕಿಟಕಿಗೂ 0.72 ಮೀಟರ್ ಉದ್ದದ ಬಾಲ ಬರುತ್ತದೆ. ಮೂರನೆಯದು ಗೋಡೆಯ ಲಯವನ್ನೇ ಕೆಡಿಸುವುದು. ಅಲ್ಲೊಂದು ಬಾಲ್ಕನಿ, ಇಲ್ಲೊಂದು ದೀಪ ಉರಿಯುವ ಕಿಟಕಿ, ಒಂದು ಅರ್ಧ ಎಳೆದ ಪರದೆ. ಎಲ್ಲವೂ ಒಂದೇ ಥರ ಇಲ್ಲದಾಗ ಕಣ್ಣು ಒಂದನ್ನು ಹಿಡಿದು ಹಿಂಬಾಲಿಸುತ್ತದೆ, ದಿಕ್ಕು ತಪ್ಪುವುದಿಲ್ಲ.

ಮೋಶನ್ ಬ್ಲರ್ ಬಿಟ್ಟ ಶೈಲಿಗಳೂ ಇವೆ. 2018ರ ‘ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್’ ಅದನ್ನು ಕೈಬಿಟ್ಟು ಕಾಮಿಕ್ಸ್‌ನ ಗೆರೆ, ಚುಕ್ಕೆಗಳಿಂದ ವೇಗ ತೋರಿಸಿತು. ಆ ಚಿತ್ರದ ನಾಯಕ ಮೈಲ್ಸ್ ಇನ್ನೂ ಕಲಿಯುತ್ತಿರುವ ಭಾಗದಲ್ಲಿ ಅವನ ಪೋಸ್ ಎರಡು ಫ್ರೇಮಿಗೊಮ್ಮೆ ಮಾತ್ರ ಬದಲಾಗುತ್ತದೆ, ಪಕ್ಕದಲ್ಲೇ ಇರುವ ಅನುಭವಿಯದು ಪ್ರತಿ ಫ್ರೇಮಿಗೂ. ಪಾತ್ರದ ತಡವರಿಕೆಯನ್ನು ಫ್ರೇಮ್‌ಗಳ ಎಣಿಕೆಯಲ್ಲೇ ಹೇಳಿದ್ದು ಸೊಗಸು. ಆದರೆ ಬೀಳುವ ಶಾಟ್‌ನಲ್ಲಿ ಇದನ್ನು ಅನುಸರಿಸುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಕ್ಯಾಮೆರಾ ಪ್ರತಿ ಫ್ರೇಮಿಗೂ ಇಳಿಯುತ್ತಿದ್ದು ದೇಹ ಎರಡಕ್ಕೊಮ್ಮೆ ಇಳಿದರೆ, ಪಾತ್ರ ಚೌಕಟ್ಟಿನೊಳಗೆ ಮೇಲೆ ಕೆಳಗೆ ನಡುಗುತ್ತದೆ. ಕೈಕಾಲಿನ ಪೋಸ್ ಎರಡಕ್ಕೊಮ್ಮೆ, ಇಡೀ ದೇಹದ ಸ್ಥಾನ ಮಾತ್ರ ಪ್ರತಿ ಫ್ರೇಮಿಗೂ ಎಂದು ಬೇರ್ಪಡಿಸಿದರೆ ನಡುಕ ನಿಲ್ಲುತ್ತದೆ.

ಬೆನ್ನಟ್ಟುವುದು

ಅಚ್ಚರಿಯೆಂದರೆ, ಹಾರಾಟವೇ ಅಸಾಧ್ಯವಾದದ್ದಾದರೂ ಈ ಭಾಗಕ್ಕೆ ಬೇಕಾದ ಅಂಕಿಗಳು ಸೌಮ್ಯ. ನಾಯಕ 36ನೇ ಫ್ರೇಮ್‌ನಲ್ಲಿ ಹೊರಟು 100ಕ್ಕೆ ಅವಳನ್ನು ಮುಟ್ಟಬೇಕು, ಉಳಿದಿರುವುದು 2.67 ಸೆಕೆಂಡ್. ಮೊದಲ 29 ಫ್ರೇಮ್‌ಗಳಲ್ಲಿ ಸೆಕೆಂಡಿಗೆ 39.6 ಮೀಟರ್ ವೇಗಕ್ಕೆ ಏರಿ, ಆಮೇಲೆ ನಿಧಾನವಾಗಿ 34.5ಕ್ಕೆ ಇಳಿದರೆ ಲೆಕ್ಕ ಕೂಡುತ್ತದೆ. ಅದಕ್ಕೆ ಬೇಕಾದ ವೇಗೋತ್ಕರ್ಷ ಗುರುತ್ವದ 3.3 ಪಟ್ಟು.

ಹಾರುವ ಶಕ್ತಿಯೇ ಇಲ್ಲದ ನಾಯಕ ಹೀಗೆ ಹಿಡಿಯಲಾರ. ಎಷ್ಟೋ ಚಿತ್ರಗಳಲ್ಲಿ ಕೈ ಕಾಲು ಜೋಡಿಸಿ ಬಾಣದಂತಾಗಿ ಬೀಳುವವರನ್ನು ತಲುಪಿಬಿಡುತ್ತಾರೆ. ತಲೆ ಕೆಳಗಾದ ಸ್ಕೈಡೈವರ್ ಅಗಲವಾಗಿ ಬೀಳುವವನಿಗಿಂತ ವೇಗವಾಗಿ ಹೋಗುತ್ತಾನೆ ನಿಜ, ಆದರೆ ಆ ವ್ಯತ್ಯಾಸ ಕೂಡಿಬರಲು ನೂರಾರು ಮೀಟರ್ ಬೇಕು. ಒಂದೂವರೆ ಸೆಕೆಂಡ್ ತಡವಾದವನು 2.67 ಸೆಕೆಂಡಿನಲ್ಲಿ ಗಾಳಿಯ ತಡೆಯೇ ಇಲ್ಲದಿದ್ದರೂ 35 ಮೀಟರ್ ಮಾತ್ರ ಇಳಿದಿರುತ್ತಾನೆ. ಅವಳು 78ರಲ್ಲಿರುತ್ತಾಳೆ.

ಇಲ್ಲಿ ಗಮನ ಕೊಡಬೇಕಾದದ್ದು ಅಂಕಿಗಿಂತ ಪೋಸ್‌ಗೆ. ಹಾರಾಟ ಯಾವುದನ್ನೂ ಒತ್ತದೆ ನಡೆಯುತ್ತದೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಇಲ್ಲಿ ರಜೆ. ಅದನ್ನು ಪ್ರೇಕ್ಷಕ ಮೊದಲ ರೀಲಿನಲ್ಲೇ ಒಪ್ಪಿಕೊಂಡಿದ್ದಾನೆ, ಮತ್ತೆ ಒಪ್ಪಿಸಬೇಕಿಲ್ಲ. ಹೊರಡುವಾಗ ಅಂಚಿನ ಮೇಲೆ ಮೊಣಕಾಲು ಬಗ್ಗಿಸಿ 6ರಿಂದ 8 ಫ್ರೇಮ್ ಸಿದ್ಧತೆ, ಆಮೇಲೆ ಪಾದದಿಂದ ಒದ್ದ ಹಾಗೆ ಕಟ್ಟೆಯ ಇಟ್ಟಿಗೆ ಬಿರುಕು ಬಿಡುವುದು, ಇಷ್ಟಿದ್ದರೆ ಸಾಕು. 1938ರ ಕಾಮಿಕ್ಸ್‌ನಲ್ಲಿ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಕುಪ್ಪಳಿಸುತ್ತಿದ್ದ. 1941ರಲ್ಲಿ ಫ್ಲೈಶರ್ ಸ್ಟುಡಿಯೊ ಅವನನ್ನು ಅನಿಮೇಶನ್‌ಗೆ ತಂದಾಗ ಆ ನೆಗೆತ ತೆರೆಯ ಮೇಲೆ ಚೆನ್ನಾಗಿ ಕಾಣಲಿಲ್ಲವೆಂದು ಹಾರಿಸಿದರು. ನೆಗೆತದಲ್ಲಿ ಗುರುತ್ವದ ಪ್ಯಾರಾಬೊಲಾ ಇದೆ, ಅದನ್ನು ಮನುಷ್ಯ ಗಾತ್ರದವನಿಗೆ ಇನ್ನೂರು ಮೀಟರ್ ಹಿಗ್ಗಿಸಿದರೆ ಮಿಡತೆಯಂತೆ ಕಾಣುತ್ತದೆ. ಪೂರ್ತಿ ಮುರಿದ ನಿಯಮಕ್ಕಿಂತ ಅರ್ಧ ಪಾಲಿಸಿದ ನಿಯಮವೇ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ.

ಹಿಡಿಯುವುದು

ಬೀಳುವುದರಿಂದ ಯಾರೂ ಸಾಯುವುದಿಲ್ಲ, ನಿಲ್ಲುವುದರಿಂದ ಸಾಯುತ್ತಾರೆ. ನಿಲ್ಲುವ ದೂರ ಎಷ್ಟು ಕಡಿಮೆಯೋ ಬಲ ಅಷ್ಟು ಹೆಚ್ಚು. ಕಾಂಕ್ರೀಟೂ ಒಂದೇ, ನಾಯಕನ ಉಕ್ಕಿನಂಥ ತೋಳೂ ಒಂದೇ. ತೋಳು ಎಷ್ಟು ಬಲಿಷ್ಠವೋ ಅಷ್ಟು ಅಪಾಯಕಾರಿ, ಏಕೆಂದರೆ ಅದು ಬಗ್ಗುವುದಿಲ್ಲ.

ಮೊದಲು ಅವಳಿಗೆ ಸುಖವಾದ ನಿಲುಗಡೆ. ದೇಹದ ಮೇಲೆ 5 ಜಿಗಿಂತ ಹೆಚ್ಚಿನ ಹೊರೆ ಬೀಳಬಾರದೆಂದು ಇಟ್ಟುಕೊಳ್ಳೋಣ. ನೆಲದ ಮೇಲೆ ಸುಮ್ಮನೆ ನಿಂತವರದು 1 ಜಿ. ಅದು ಹೇಗೂ ಇದ್ದೇ ಇದೆ, ಹಾಗಾಗಿ ಬ್ರೇಕ್ ಹಾಕಲು ಉಳಿಯುವುದು 4. 34.5 ಮೀಟರ್ ವೇಗವನ್ನು 4 ಜಿಯಲ್ಲಿ ಇಳಿಸಲು 15.2 ಮೀಟರ್ ಬೇಕು, 0.88 ಸೆಕೆಂಡ್ ಬೇಕು. ಅಂದರೆ 21 ಫ್ರೇಮ್, ಐದು ಮಹಡಿ. ನೆಲದಿಂದ 7 ಮೀಟರ್ ಮೇಲೆ ಇಬ್ಬರೂ ನಿಲ್ಲುತ್ತಾರೆ. ಸಾಧ್ಯ. ಆದರೆ ತೆರೆಯ ಮೇಲೆ ನೋಡಿದರೆ ಇದು ಹೂವೆತ್ತಿದ ಹಾಗಿದೆ. ಹೊಡೆತ ಇಲ್ಲ. ನಿರ್ದೇಶಕರು ಒಪ್ಪುವುದಿಲ್ಲ.

ಇನ್ನೊಂದು ತುದಿ, 3 ಫ್ರೇಮ್‌ನಲ್ಲಿ ನಿಲ್ಲಿಸುವುದು. ಮುಖ್ಯ ಪೋಸ್‌ಗಳನ್ನಷ್ಟೇ ಕೂರಿಸುವ ಬ್ಲಾಕಿಂಗ್ ಹಂತದಲ್ಲಿ ಬಹಳಷ್ಟು ಅನಿಮೇಟರ್‌ಗಳು ಇಡುವುದು ಇದನ್ನೇ, ನೋಡಲು ಗಟ್ಟಿಯಾಗಿರುತ್ತದೆಂದು. ನಿಲ್ಲುವ ದೂರ 2.2 ಮೀಟರ್, ಬ್ರೇಕ್ 28 ಜಿ, ದೇಹಕ್ಕೆ 29. 60 ಕಿಲೊದವಳು ಆ ಕ್ಷಣ ನಾಯಕನ ಎರಡು ತೋಳಿನ ಮೇಲೆ 1,740 ಕಿಲೊ ತೂಗುತ್ತಾಳೆ. ಬೆನ್ನಿನ ಕೆಳಗೊಂದು ಪಟ್ಟಿ, ಮೊಣಕಾಲ ಕೆಳಗೊಂದು ಪಟ್ಟಿ, ಇಷ್ಟರ ಮೇಲೆ ಒಂದು ಕಾರಿನ ಭಾರ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಗಾಗಿ 10 ಫ್ರೇಮ್‌ಗೆ ಬಂದು ನಿಲ್ಲುವುದು. ದೂರ 7.2 ಮೀಟರ್, ದೇಹದ ಮೇಲೆ 9.4 ಜಿ. ಅಪಾಯ ಇದೆ, ಮರಣವೇ ಎನ್ನುವಂತಿಲ್ಲ. 1954ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ರಾಕೆಟ್ ಸ್ಲೆಡ್ ಏರಿ ಗಂಟೆಗೆ 1,000 ಕಿಲೊಮೀಟರ್‌ಗೂ ಹೆಚ್ಚಿನ ವೇಗದಿಂದ 1.4 ಸೆಕೆಂಡಿನಲ್ಲಿ ನಿಂತರು. ಅವರ ದೇಹ ತಡೆದದ್ದು 46.2 ಜಿ. ಕಣ್ಣಿಗೆ ರಕ್ತ ಇಳಿಯಿತು, ಪ್ರಾಣ ಉಳಿಯಿತು. ಆದರೆ ಅವರನ್ನು ಪಟ್ಟಿಗಳಿಂದ ಬಿಗಿಯಾಗಿ ಕಟ್ಟಿದ್ದರು. ಇದು ಮರೆಯಬಾರದ ವಿವರ.

ಏಕೆಂದರೆ ಇದರ ಎದುರಿನ ಉದಾಹರಣೆಯೂ ಇದೆ. 1973ರ ಜೂನ್ ತಿಂಗಳ ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ 121ನೇ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುವ ಗ್ವೆನ್ ಸ್ಟೇಸಿಯನ್ನು ನಾಯಕ ಬಲೆಯ ಎಳೆಯಿಂದ ಹಿಡಿಯುತ್ತಾನೆ. ಎಳೆ ಅಂಟುವುದು ಕಾಲಿಗೆ. ಹಿಡಿದಾಗ ಕತ್ತಿನ ಬಳಿ ಸಣ್ಣದೊಂದು ‘ಸ್ನ್ಯಾಪ್’ ಎಂದು ಬರೆದಿದೆ, ಅವಳು ಬದುಕುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ ಈ ಪ್ರಸಂಗವನ್ನು ನ್ಯೂಟನ್ನನ ನಿಯಮದ ಪಾಠವಾಗಿಯೇ ಬಳಸಿದ್ದಾರೆ. ಗಮನಿಸಬೇಕಾದದ್ದು ಇದು: ಇಡೀ ದೇಹ ಒಟ್ಟಿಗೆ ನಿಂತರೆ ತಡೆಯಬಹುದಾದ ಬಲವೇ, ದೇಹ ನಿಂತು ತಲೆ ಮಾತ್ರ ಮುಂದುವರಿದರೆ ಕತ್ತು ಮುರಿಯುತ್ತದೆ.

ಆದ್ದರಿಂದ ಈ ಶಾಟ್‌ನ ಅತಿ ಮುಖ್ಯವಾದ ತಿದ್ದುಪಡಿ ಒಂದು ಕೈಯದು. ಸಿನಿಮಾಗಳ ಎಂದಿನ ಪೋಸ್‌ನಲ್ಲಿ ಒಂದು ತೋಳು ಬೆನ್ನಿಗೆ, ಇನ್ನೊಂದು ಮೊಣಕಾಲ ಕೆಳಗೆ. ತಲೆ ಹಿಂದಕ್ಕೆ ಜೋಲುತ್ತದೆ, ಕೂದಲು ಚೆಲ್ಲುತ್ತದೆ, ಚಿತ್ರ ಚೆಂದ. ಕತ್ತಿಗೆ ಮಾತ್ರ ಅದೇ ಕೊನೆ. ಬೆನ್ನ ತೋಳನ್ನು ಒಂದು ಗೇಣು ಮೇಲಕ್ಕೆ ಸರಿಸಿ, ಅಂಗೈ ಅವಳ ತಲೆಯ ಹಿಂಭಾಗಕ್ಕೆ ಬರಬೇಕು, ಮುಖ ಅವನ ಭುಜಕ್ಕೆ ಒತ್ತಬೇಕು. ಮುಟ್ಟುವ ಹೊತ್ತಿಗಾಗಲೇ ಅವನು ಅವಳ ವೇಗಕ್ಕೆ ಸಮನಾಗಿರಬೇಕು, ಅಂದರೆ ಹಿಡಿಯುವಿಕೆ ಬೇರೆ, ನಿಲ್ಲಿಸುವಿಕೆ ಬೇರೆ. ಒಂದೇ ಫ್ರೇಮ್‌ನಲ್ಲಿ ಎರಡನ್ನೂ ಮಾಡುವುದರಿಂದಲೇ ಬಹುತೇಕ ಇಂಥ ಶಾಟ್‌ಗಳು ಕೆಡುತ್ತವೆ. 2004ರ ‘ದಿ ಇನ್‌ಕ್ರೆಡಿಬಲ್ಸ್’ ಈ ವಿಷಯದಲ್ಲಿ ಒಳ್ಳೆಯ ನಗೆ ಹುಟ್ಟಿಸುತ್ತದೆ. ಕಟ್ಟಡದಿಂದ ಹಾರಿದವನಿಗೆ ನಾಯಕ ಪಕ್ಕದಿಂದ ಬಂದು ಗುದ್ದಿ ಕಿಟಕಿಯೊಳಗೆ ಕೊಂಡೊಯ್ಯುತ್ತಾನೆ, ಬದುಕುಳಿದ ಅವನು ಆಮೇಲೆ ಗಾಯದ ಪರಿಹಾರ ಕೇಳಿ ಕೋರ್ಟಿಗೆ ಹೋಗುತ್ತಾನೆ. ಭೌತಶಾಸ್ತ್ರ ಅವನ ಪರವಾಗಿಯೇ ಇದೆ: ಅಡ್ಡಲಾಗಿ ಗುದ್ದಿದರೆ ಕೆಳಮುಖದ ವೇಗ ಎಲ್ಲೂ ಹೋಗುವುದಿಲ್ಲ, ಅಡ್ಡದ ಪೆಟ್ಟು ಮೇಲೆ ಸೇರಿಕೊಳ್ಳುತ್ತದೆ ಅಷ್ಟೇ.

ಈಗ ಹೊಡೆತದ ಪ್ರಶ್ನೆ. 10 ಫ್ರೇಮ್ ಹಂಚಿದ ಬ್ರೇಕ್ ಗಟ್ಟಿಯಾಗಿ ಕಾಣುವಂತೆ ಮಾಡುವುದು ಹೇಗೆ? ಉತ್ತರ ದೇಹದ ತುದಿಗಳಲ್ಲಿದೆ. ಅವಳ ಎದೆಯ ಭಾಗ 110ನೇ ಫ್ರೇಮ್‌ಗೆ ನಿಲ್ಲುತ್ತದೆ. ತಲೆ ಕೈಯ ಆಸರೆಯಲ್ಲಿರುವುದರಿಂದ ಒಂದೇ ಫ್ರೇಮ್ ತಡ. ಬಿಡುವಾಗಿರುವ ತೋಳು 2 ಫ್ರೇಮ್ ತಡವಾಗಿ ಕೆಳಕ್ಕೆ ಎಸೆಯಲ್ಪಡುತ್ತದೆ, ಪಾದಗಳು 3, ಅಂಗಿಯ ಅಂಚು 4, ಕೂದಲು 6. ಕೊನೆಯ ಕೂದಲ ತುದಿ ತಣ್ಣಗಾಗುವ ಹೊತ್ತಿಗೆ 125 ದಾಟಿರುತ್ತದೆ. ಮಧ್ಯದ ಭಾಗ ಸುಳ್ಳು ಹೇಳಿತು, ತುದಿಗಳು ಆ ಸುಳ್ಳಿಗೆ ಸಾಕ್ಷಿ ಹೇಳಿದವು. ಜಡತ್ವ ಎದ್ದು ಕಾಣುವುದು ತುದಿಗಳಲ್ಲಿ, ಕಣ್ಣು ತೂಕ ಅಳೆಯುವುದೂ ತುದಿಗಳಿಂದಲೇ.

ಕ್ಯಾಮೆರಾ ಕೂಡ ಒಂದು ತುದಿಯೇ. ಅದು ಪಾತ್ರಗಳ ಜೊತೆಗೇ 110ಕ್ಕೆ ನಿಂತರೆ ಹೊಡೆತ ಇಂಗಿಹೋಗುತ್ತದೆ. ಕ್ಯಾಮೆರಾ 4 ಫ್ರೇಮ್ ಹೆಚ್ಚು ಬಿದ್ದು, ಇಬ್ಬರನ್ನೂ ಚೌಕಟ್ಟಿನ ಮೇಲಂಚಿಗೆ ತಳ್ಳಿ, ಆಮೇಲೆ 8 ಫ್ರೇಮ್ ತೆಗೆದುಕೊಂಡು ಮೇಲೆ ಬಂದು ಸೇರಲಿ. ಈ ಒಂದು ತಂತ್ರ ಹೊಡೆತವನ್ನು ಇಮ್ಮಡಿ ಮಾಡುತ್ತದೆ, ಅವಳ ಮೂಳೆಗೆ ಏನೂ ತಗಲದೆ.

ಸ್ಕ್ವಾಶ್ ಮತ್ತು ಸ್ಟ್ರೆಚ್, ಅಂದರೆ ದೇಹವನ್ನು ಕುಗ್ಗಿಸಿ ಹಿಗ್ಗಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾಸ್ತವಕ್ಕೆ ಹತ್ತಿರದ ಶೈಲಿಯಲ್ಲಿ ಬೀಳುವಾಗ ಉದ್ದವನ್ನು 1.08 ಮಾಡಿದರೆ ಸಾಕು, ಅಗಲ ಮತ್ತು ದಪ್ಪ 0.962 ಆಗಬೇಕು. ಕಾರ್ಟೂನ್ ಶೈಲಿಯಲ್ಲಿ ಉದ್ದ 1.4ರವರೆಗೂ ಹೋಗಬಹುದು, ಆಗ ಉಳಿದೆರಡು 0.845. ಮೂರನ್ನೂ ಗುಣಿಸಿದರೆ 1 ಬರಬೇಕು. ಬರದಿದ್ದರೆ ದೇಹ ಉಬ್ಬಿದಂತೆ ಇಲ್ಲವೇ ಸೊರಗಿದಂತೆ ಕಾಣುತ್ತದೆ.

ಸುತ್ತು ಹೊಡೆದು ಮೇಲೇರುವ ಆಯ್ಕೆ

ನೇರ ಬ್ರೇಕ್ ಬೇಡ, ಹದ್ದಿನ ಹಾಗೆ ಬಾಗಿ ಮೇಲೇರೋಣ, ಅದು ಮೃದು ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಣಲು ಮೃದು, ಲೆಕ್ಕದಲ್ಲಿ ಅಲ್ಲ. ಅದೇ 5 ಜಿ ಮಿತಿಯಲ್ಲಿ 34.5 ಮೀಟರ್ ವೇಗದಲ್ಲಿ ಬಾಗಲು ಬೇಕಾದ ತ್ರಿಜ್ಯ 30 ಮೀಟರ್, ನೇರ ಬ್ರೇಕಿಗೆ ಬೇಕಾದ ಎತ್ತರದ ಎರಡರಷ್ಟು. ಉಳಿದಿರುವುದೇ 22 ಮೀಟರ್. ಬೀದಿಯ ಮೇಲೆ ಚೆಂದ ಕಾಣಲೆಂದು 5 ಮೀಟರ್ ತ್ರಿಜ್ಯದಲ್ಲಿ ಬಾಗಿಸಿದರೆ 25 ಜಿ. ಆದರೂ ಪ್ರೇಕ್ಷಕರು ಇದನ್ನು ಒಂದು ಚೂರೂ ಪ್ರಶ್ನಿಸುವುದಿಲ್ಲ, ಏಕೆಂದರೆ ವೇಗ ಸೊನ್ನೆಗೆ ಬರುವುದೇ ಇಲ್ಲ. ನಿಲ್ಲುವುದನ್ನು ಕಣ್ಣು ಪೆಟ್ಟು ಎಂದು ಓದುತ್ತದೆ, ತಿರುಗುವುದನ್ನು ಜಾಣ್ಮೆ ಎಂದು ಓದುತ್ತದೆ. ಸುಳ್ಳಿಗೆ ಇದು ಹೆಚ್ಚು ಸುರಕ್ಷಿತ ಜಾಗ ಎನ್ನುವುದು ನಿಜ.

ಖಂಡಿತ ಮಾಡಬಾರದ್ದು ಒಂದಿದೆ. ಅವಳನ್ನು ತೋಳಲ್ಲಿಟ್ಟುಕೊಂಡು ನೇರ ರಸ್ತೆಗೆ ಬಂದು ಮೊಣಕಾಲೂರಿ, ಡಾಂಬರು ಸೀಳಿಸಿ ಇಳಿಯುವ ಪೋಸ್. ನಾಯಕನ ಮೊಣಕಾಲು ಬಗ್ಗುವುದು 60 ಸೆಂಟಿಮೀಟರ್ ಎಂದರೆ ಅವಳು ನಿಲ್ಲುವುದೂ ಅಷ್ಟರಲ್ಲೇ, 100 ಜಿಗೂ ಮೀರಿ. ನೆಲಕ್ಕೆ ಬಿರುಕು ಬಿಡಿಸಿದಷ್ಟೂ ಪೆಟ್ಟಿನ ಅಳತೆಯನ್ನು ನೀವೇ ಪ್ರೇಕ್ಷಕನ ಕೈಗೆ ಕೊಟ್ಟಂತೆ.

ಬಲ ಎಲ್ಲಿಗೆ ಹೋಯಿತು

ನಾಯಕ ಗಾಳಿಯಲ್ಲಿ ಸುಮ್ಮನೆ ತೇಲುತ್ತ ಕಾಯುತ್ತಿದ್ದು, ಹಿಡಿದ ಕೂಡಲೇ ಕಲ್ಲುಕಂಬದಂತೆ ನಿಂತರೆ ಅವಳಿಗೆ ತೂಕವೇ ಇಲ್ಲವೆಂದಾಗುತ್ತದೆ. ಶಕ್ತಿಯಿಲ್ಲದ 90 ಕಿಲೊ ದೇಹವಾಗಿದ್ದರೆ, 60 ಕಿಲೊ ಬಂದು ತಾಗಿದ ಮೇಲೆ ಸಂವೇಗ ಹಂಚಿಹೋಗಿ ಇಬ್ಬರೂ ಸೆಕೆಂಡಿಗೆ 13.8 ಮೀಟರ್ ವೇಗದಲ್ಲಿ ಕೆಳಗೆ ಹೋಗುತ್ತಿದ್ದರು. ಅಷ್ಟು ಬೇಡ, ಆದರೆ ಅದರ ಗುರುತು ಬೇಕು: ಭುಜ ಕುಸಿಯಲಿ, ಬೆನ್ನು ಬಾಗಲಿ, ನಿಂತ ಮೇಲೂ 30 ಸೆಂಟಿಮೀಟರ್ ಜಗ್ಗಿ ಮತ್ತೆ ಮೇಲೆ ಬರಲಿ. ಬ್ರೇಕ್ ಹಾಕುವಾಗ ಅವನ ಕೆಳಗಿನ ಗಾಳಿ ಉಂಗುರವಾಗಿ ಹರಡಿ, ರಸ್ತೆಯ ದೂಳು ಸುತ್ತಲೂ ಸರಿಯಲಿ, ಹತ್ತಿರದ ಕಿಟಕಿಗಾಜು ಅದುರಲಿ. ಮೂರನೇ ನಿಯಮಕ್ಕೆ ಕೊಟ್ಟ ರಜೆಯನ್ನು ಇಲ್ಲಿ ಅರ್ಧ ದಿನದ ಮಟ್ಟಿಗೆ ವಾಪಸ್ ಪಡೆದಂತೆ.

ಬಟ್ಟೆಯ ಸಿಮ್ಯುಲೇಶನ್ (ಬಟ್ಟೆಯ ಚಲನೆಯನ್ನು ಕಂಪ್ಯೂಟರೇ ಲೆಕ್ಕ ಹಾಕುವುದು) ಮಾತ್ರ ಈ ಎಲ್ಲ ರಾಜಿಗಳನ್ನೂ ಒಪ್ಪದೆ ಜಗಳ ತೆಗೆಯುತ್ತದೆ. ಅದಕ್ಕೆ ಗೊತ್ತಿರುವುದು ಭೌತಶಾಸ್ತ್ರ ಒಂದೇ. ಫ್ರೇಮಿಗೆ 1.44 ಮೀಟರ್ ಜಾರುವ ದೇಹ ಹಠಾತ್ತನೆ ನಿಂತರೆ ಕೇಪ್ ಮೈಯೊಳಗಿಂದ ತೂರಿ ಆಚೆ ಬರುತ್ತದೆ. ಸಬ್‌ಸ್ಟೆಪ್ (ಒಂದು ಫ್ರೇಮಿನೊಳಗೆ ಮಾಡುವ ಲೆಕ್ಕದ ಹಂತ) ಹೆಚ್ಚಿಸಿದರೆ ತೂರುವುದು ಕಡಿಮೆಯಾಗುತ್ತದೆ, ರಾತ್ರಿಯಿಡೀ ಕಂಪ್ಯೂಟರ್ ಓಡಬೇಕಾಗುತ್ತದೆ. ಒಳ್ಳೆಯ ಪರಿಹಾರವೆಂದರೆ ಪಾತ್ರಗಳನ್ನು ಸೆಟ್‌ನ ನಡುವೆ ಇದ್ದಲ್ಲೇ ಇಟ್ಟು, ಕಟ್ಟಡವನ್ನು ಮೇಲಕ್ಕೆ ಓಡಿಸುವುದು. ಬಟ್ಟೆಗೆ ಕೆಳಗಿನಿಂದ ಗಾಳಿ ಕೊಡುವುದು, ಅದೂ ನಿಜವಾದ ವೇಗದ ಮೂರನೇ ಒಂದು ಭಾಗದಿಂದ ಶುರುಮಾಡಿ. ಬ್ರೇಕ್ ಬರುವಲ್ಲಿ ನಿಜವಾದ ಚಲನೆಯ ಕಾಲು ಭಾಗವನ್ನಷ್ಟೇ ಸಿಮ್ಯುಲೇಶನ್‌ಗೆ ಸೇರಿಸುವುದು. ಬಟ್ಟೆ ತೇಲುತ್ತಾ ಇಳಿಯುವಂತೆ, ಆನೆಯ ಗಾತ್ರದ ಪರದೆಯಂತೆ ಕಂಡರೆ ಗಾಳಿಯನ್ನು ದೂರುವ ಮೊದಲು ಅಳತೆಯ ಮಾನ ನೋಡಿ. ಮಾಯಾ ಎಂಬ ಅನಿಮೇಶನ್ ಸಾಫ್ಟ್‌ವೇರಿನ ಸಿಮ್ಯುಲೇಶನ್ ಭಾಗವಾದ ನ್ಯೂಕ್ಲಿಯಸ್ ಒಂದು ಯೂನಿಟನ್ನು ಒಂದು ಮೀಟರ್ ಎಂದುಕೊಳ್ಳುತ್ತದೆ. ಸೆಂಟಿಮೀಟರ್‌ನಲ್ಲಿ ಕಟ್ಟಿದ 180 ಯೂನಿಟ್ ಪಾತ್ರ ಅದರ ಕಣ್ಣಿಗೆ 180 ಮೀಟರ್ ಎತ್ತರದ ರಾಕ್ಷಸ. ಸ್ಪೇಸ್ ಸ್ಕೇಲನ್ನು 0.01 ಮಾಡಿದರೆ ಬಟ್ಟೆ ಮನುಷ್ಯರದಾಗುತ್ತದೆ.

ಚಪ್ಪಲಿ

ಇಷ್ಟಾದ ಮೇಲೂ ಪ್ಲೇಬ್ಲಾಸ್ಟ್ (ಶಾಟ್‌ನ ಕರಡು ವಿಡಿಯೊ) ನೋಡುವಾಗ ಏನೋ ಕಡಿಮೆ ಅನ್ನಿಸಬಹುದು. ಹಿಡಿದದ್ದು ಗೊತ್ತಾಯಿತು, ಹಿಡಿಯದಿದ್ದರೆ ಏನಾಗುತ್ತಿತ್ತು ಎಂಬುದು ಗೊತ್ತಾಗಲಿಲ್ಲ. ಇದಕ್ಕೆ ಅಗ್ಗದ ಉಪಾಯ ಅವಳ ಒಂದು ಚಪ್ಪಲಿ. ಬ್ರೇಕ್ ಶುರುವಾದಾಗ ಪಾದ ನಿಧಾನಿಸುತ್ತದೆ, ಸಡಿಲವಾಗಿರುವ ಚಪ್ಪಲಿ ನಿಧಾನಿಸುವುದಿಲ್ಲ. 103ನೇ ಫ್ರೇಮ್ ಹೊತ್ತಿಗೆ ಕಾಲಿನಿಂದ ಕಳಚಿಕೊಳ್ಳುತ್ತದೆ. ಅದನ್ನು ಯಾವ ಅನಿಮೇಟರೂ ಮುಟ್ಟಬಾರದು, ಕರ್ವ್ ತಿದ್ದಬಾರದು, ಕ್ಯಾಮೆರಾ ಅದನ್ನು ಹಿಂಬಾಲಿಸಬಾರದು. ಅದರ ಪಾಡಿಗೆ ಬಿಟ್ಟರೆ ಗಾಳಿಯ ತಡೆ ಸೇರಿಯೂ 116ರ ಸುಮಾರಿಗೆ ರಸ್ತೆ ಮುಟ್ಟುತ್ತದೆ. ಆಗ ಅವರಿಬ್ಬರೂ ನಿಂತು ಆರು ಫ್ರೇಮ್ ಆಗಿರುತ್ತದೆ, ನೆಲದಿಂದ 15 ಮೀಟರ್ ಮೇಲೆ. ಸದ್ದು ಅಲ್ಲಿಂದ ಮೇಲೆ ಬರಲು ಒಂದು ಫ್ರೇಮ್. 117ಕ್ಕೆ ಒಂದು ಒಣ ಪೆಟ್ಟಿನ ಸದ್ದು ಇಡಿ, ಸಂಗೀತ ಬೇಡ. ಅವಳ ಕೂದಲು ಆಗಿನ್ನೂ ಕೆಳಗಿಳಿಯುತ್ತಿರುತ್ತದೆ.